ಖಾದರಬಾಷಾನ ಬಲಗೆನ್ನೆ

ಹಳೇ ಹುಬ್ಬಳ್ಳಿಯಲ್ಲಿ ಚಕ್ಕಡಿ ಗಾಲಿಗೆ ಕಬ್ಬಿಣದ ಹಳಿ ಕಟ್ಟುವವರು ಆಗ ಬೇಕಾದಷ್ಟು ಮಂದಿ ಇದ್ದರು. ಆದರೂ ಮುಗದ, ಗರಗದ ಕಡೆಯ ರೈತರು ಎತ್ತು ತಿರುಗಿಸಲಿಕ್ಕೂ ಜಾಗವಿಲ್ಲದ ಆ ಓಣಿಯೊಳಗೆ ಹೆಣಗಾಡಿ ಬಂದು ಖಾದರಬಾಷಾನ ಭಟ್ಟಿಯ ಮುಂದೆಯೇ ಕೊಳ್ಳು ಹರಿದು ಎತ್ತು ಬಿಡುತ್ತಿದ್ದರು. ಕೆಲಸ ಗಟ್ಟಿ ಅನ್ನುವುದು ಒಂದು ಕಾರಣ. ಇನ್ನೊಂದು, ಅವನನ್ನು ನೋಡುವ ಆಸೆ. ಬೇರೆ ಕಡೆ ಮೂವರು ಸೇರಿ ಚಿಮಟ ಹಾಕಿ ಎತ್ತುವ ಕೆಂಡದಂಥ ಹಳಿಯನ್ನು ಇವನು ಒಬ್ಬನೇ ಎತ್ತಿ ಗಾಲಿಯ ಮೇಲೆ ಕೂರಿಸುತ್ತಿದ್ದ. ಹುಬ್ಬಳ್ಳಿ ಪೈಲವಾನನ ಕೈಯಿಂದ ಹಳಿ ಕಟ್ಟಿಸಿದೆ ಅಂತ ಊರಿಗೆ ಹೋಗಿ ಹೇಳಿಕೊಳ್ಳಬೇಕಲ್ಲ!

ಹೌದು, ಪೈಲವಾನ. ಭಟ್ಟಿ ಹೊಟ್ಟೆಗೆ, ತಾಲೀಮು ಜೀವಕ್ಕೆ. ಓಣಿಯ ತುದಿಗೆ ಗುಲಾಬಸಾಬ ವಸ್ತಾದನ ಗರಡಿ ಇತ್ತು. ತಾಲೀಮು ಅಂತಲೇ ಎಲ್ಲರೂ ಕರೆಯುತ್ತಿದ್ದರು. ತಲೆ ತಗ್ಗಿಸಿ ಹೋಗಬೇಕಾದ ಗಿಡ್ಡ ಬಾಗಿಲು, ಒಳಗೆ ಎಣ್ಣೆ, ಅರಿಷಿಣ, ಮಜ್ಜಿಗೆ ಕುಡಿದು ಹದವಾದ ಕೆಂಪು ಮಣ್ಣು. ಮೀಸೆ ಮೂಡುವ ಮೊದಲೇ ಆ ಬಾಗಿಲು ಹೊಕ್ಕ ಖಾದರಬಾಷಾ ಮೂವತ್ತು ದಾಟಿದರೂ ಯಾರ ಕೈಯಲ್ಲೂ ಬೆನ್ನಿಗೆ ಮಣ್ಣು ಹತ್ತಿಸಿಕೊಂಡಿರಲಿಲ್ಲ. ಗಂಡುಮಕ್ಕಳಿಲ್ಲದ ಗುಲಾಬಸಾಬ ಅವನ ಲಂಗೋಟಿಗೆ ತನ್ನ ಲಂಗೋಟಿಯ ಪಕ್ಕದ ಗೂಟವನ್ನೇ ಕೊಟ್ಟಿದ್ದ. ಆ ಗೂಟ ಅಂದರೆ ಅಲ್ಲಿ ಗಾದಿ ಇದ್ದ ಹಾಗೆ.

ಆ ತಾಲೀಮಿಗೆ ಒಂದು ರಿವಾಜು ಇತ್ತು. ಹೊರಗೆ ಎಲ್ಲಿಯೇ ಕುಸ್ತಿ ಗೆದ್ದರೂ ಮೈಗೆ ಮೆತ್ತಿದ ಮಣ್ಣನ್ನು ಅಲ್ಲಿ ತೊಳೆಯುವಂತಿಲ್ಲ. ಹಾಗೆಯೇ ನಡೆದು ಬಂದು, ತಮ್ಮ ಕಣದಲ್ಲಿ ನಿಂತು, ಕೈಯಿಂದ ಉಜ್ಜಿ ಉಜ್ಜಿ ಉದುರಿಸಬೇಕು. ಗೆದ್ದ ಮಣ್ಣು ಮನೆಯ ಮಣ್ಣಿನೊಳಗೆ ಕೂಡಿದ ಮೇಲೆಯೇ ಮೈಗೆ ನೀರು. ಗೆಲುವನ್ನು ಪರರ ಮೋರಿಗೆ ಹರಿಸಿ ಬರುವವನು ನನ್ನ ಶಿಷ್ಯನೇ ಅಲ್ಲ ಅಂತ ಗುಲಾಬಸಾಬನ ಹಟ. ಎಷ್ಟೋ ಸಲ ಖಾದರಬಾಷಾ ಹಾಗೆ ಕೆಂಪಗೆ ಕೆಸರು ಗೊಂಬೆಯಾಗಿ ಓಣಿಯಲ್ಲಿ ನಡೆದು ಬಂದಿದ್ದ. ಹೆಂಡತಿ ಹಾಜರಾಬಿ ಬಾಗಿಲ ಪರದೆಯ ಸಂದಿಯಿಂದ ನೋಡಿ ನಗುತ್ತಿದ್ದಳು.

ಅಂಥವನ ಬಲಗೆನ್ನೆಗೆ ಒಂದು ದಿನ ಆ ದೆವ್ವ ಹೊಕ್ಕಿತು.

ರೊಟ್ಟಿ ಅಗಿಯುತ್ತಿದ್ದ. ಮೂಗಿನ ಪಕ್ಕದಿಂದ ತುಟಿಯ ತುದಿಗೆ, ಅಲ್ಲಿಂದ ಒಸಡಿನೊಳಗೆ, ಕಾದ ತಂತಿ ಎಳೆದ ಹಾಗೆ ಚಳಕು ಹೊಡೆಯಿತು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹೋಯಿತು. ಇದೇನಪ್ಪ ಅಂತ ಇನ್ನೊಂದು ತುತ್ತು ಇಟ್ಟ, ಮತ್ತೆ ಹೊಡೆಯಿತು. ಆಮೇಲೆ ನಮಾಜಿಗೆ ಮುಖ ತೊಳೆಯುವಾಗ. ಆಮೇಲೆ ಕ್ಷೌರದವನ ಕತ್ತಿ ಮುಟ್ಟಿದಾಗ. ಕೊನೆಗೆ ಓಣಿಯ ತಿರುವಿನಲ್ಲಿ ತಣ್ಣನೆಯ ಗಾಳಿ ಬೀಸಿದರೂ ಸಾಕು, ಕೆಂಡದ ಮುಂದೆ ಬೆವರದ ಮನುಷ್ಯ ಗೋಡೆ ಹಿಡಿದು ನಿಂತುಬಿಡುತ್ತಿದ್ದ. ತಿಂಗಳುಗಟ್ಟಲೆ ಮಾಯವಾಗಿ, ಹೋಯಿತು ಅನ್ನುವಾಗ ಮತ್ತೆ ಬರುತ್ತಿತ್ತು. ಹಲ್ಲಿನದೇ ಇರಬೇಕೆಂದು ಪೇಟೆಯಲ್ಲಿ ಹಲ್ಲು ಕೀಳುವವನ ಮುಂದೆ ಕೂತು ಗಟ್ಟಿ ದವಡೆ ಹಲ್ಲುಗಳನ್ನು ಕೀಳಿಸಿಕೊಂಡ. ಹಲ್ಲು ಹೋದವು, ನೋವು ಅಲ್ಲೇ ಕೂತಿತು. ಹಾಜರಾಬಿ ಕಟ್ಟಿಸಿದ ತಾಯಿತವೂ ಅದಕ್ಕೆ ಹೆದರಲಿಲ್ಲ.

ಇದನ್ನು ಹೊರಗೆ ಹೇಳುವುದು ಹೇಗೆ? ಗಾಳಿ ತಾಗಿದರೆ ಅಳುವ ಪೈಲವಾನ ಅಂದರೆ ಹಾದಿಹೋಕರೂ ನಗುತ್ತಾರೆ. ಮುಚ್ಚಿಟ್ಟ. ಹೆಂಡತಿಯನ್ನು ಬಿಟ್ಟರೆ ಗೊತ್ತಿದ್ದವನು ಒಬ್ಬನೇ, ಶಾಬುದ್ದೀನ.

ಶಾಬುದ್ದೀನ ತಂದೆ ತಾಯಿ ಇಲ್ಲದವನು. ತಾಲೀಮಿಗೆ ಬಂದಾಗ ಎದೆಯ ಎಲುಬು ಎಣಿಸಬಹುದಿತ್ತು. ಖಾದರಬಾಷಾ ಅವನಿಗೆ ಪಟ್ಟು ಕಲಿಸಿದ, ಹಾಜರಾಬಿ ರೊಟ್ಟಿ ಹಾಕಿದಳು, ಎರಡೂ ಸೇರಿ ಅವನು ದೊಡ್ಡ ಪೈಲವಾನನಾದ. ಒಮ್ಮೆ ತಾಲೀಮಿನ ಹಿಂದೆ ಖಾದರಬಾಷಾ ಬಾಯಲ್ಲಿ ಟವಲು ತುರುಕಿಕೊಂಡು ನಡುಗುತ್ತಿದ್ದುದನ್ನು ಕಂಡವನು ಅವನೇ. ಅಂದಿನಿಂದ ನೋವು ಬಂದಾಗಲೆಲ್ಲ ಎಣ್ಣೆ ಬಿಸಿ ಮಾಡಿ, ಹಿಂದಲೆ, ಕುತ್ತಿಗೆ, ಕಿವಿಯ ಹಿಂದೆ ಮೆಲ್ಲಗೆ ಒತ್ತುತ್ತಿದ್ದ. ಬಲಗೆನ್ನೆಯ ಹತ್ತಿರ ಬಂದರೆ ಹೆಬ್ಬೆರಳು ತಾನೇ ಹೊರಳಿ ಸುತ್ತು ಹಾಕಿ ಹೋಗುತ್ತಿತ್ತು. ಎಲ್ಲಿ ಮುಟ್ಟಬಾರದು ಅನ್ನುವುದು ಆ ಹೆಬ್ಬೆರಳಿಗೆ ಬಾಯಿಪಾಠವಾಗಿತ್ತು.

"ಭಾಯಿ, ಇದನ್ನ ಯಾರ ಮುಂದನೂ ಹೇಳೂದಿಲ್ಲ ನಾ," ಅನ್ನುತ್ತಿದ್ದ. ಹೇಳಲೂ ಇಲ್ಲ, ಆ ಮಾತು ಖರೆ. ಬಾಯಿಂದ ಹೇಳಲಿಲ್ಲ.

ಮುಂದೆ ಧಾರವಾಡದ ಕಂತ್ರಾಟುದಾರನೊಬ್ಬ ಶಾಬುದ್ದೀನನನ್ನು ಕರೆದುಕೊಂಡು ಹೋಗಿ, ಹಾಲು ಬಾದಾಮಿ ಕೊಟ್ಟು ಸಾಕಿ, ತನ್ನ ಪೈಲವಾನ ಅಂತ ಮೆರೆಸಿದ. ಸಾವಿರದ ಒಂಬೈನೂರ ಮೂವತ್ತನಾಲ್ಕರ ಉರುಸಿನ ಕುಸ್ತಿಯಲ್ಲಿ ಕೊನೆಯ ಜೋಡಿ ಗುರು ಶಿಷ್ಯರದೇ ಆಯಿತು. ಖಾದರಬಾಷಾನಿಗೆ ಖುಷಿಯೇ. ನೋವು ಆಗ ಮಲಗಿತ್ತು. ನಮ್ಮ ಶಾಬೂನ ಜೋಡಿ ಚಂದ ಆಡಿ, ಕೊನೆಗೆ ಮೆಲ್ಲಗೆ ಮಲಗಿಸಿ, ಎತ್ತಿ ಅಪ್ಪಿಕೊಳ್ಳೋಣ ಅಂತ ಕಣಕ್ಕಿಳಿದ.

ಹಲಗೆ ಬಡಿಯುತ್ತಿತ್ತು. ತಲೆಗೆ ತಲೆ ಕೊಟ್ಟು ನಿಂತಿದ್ದರು. ಶಾಬುದ್ದೀನನ ಎಡಗೈ ಕುತ್ತಿಗೆಯ ಹಿಡಿತದಿಂದ ಜಾರಿದ ಹಾಗೆ ಮಾಡಿ ಮೇಲೆ ಬಂತು. ಹೆಬ್ಬೆರಳು ಖಾದರಬಾಷಾನ ಬಲಮೂಗಿನ ಪಕ್ಕದಿಂದ ತುಟಿಯವರೆಗೆ ಒಂದು ಗೆರೆ ಎಳೆಯಿತು. ನೋಡುವವರಿಗೆ ಬೆವರು ಒರೆಸಿದಂತೆ ಕಂಡಿರಬೇಕು. ಮಲಗಿದ್ದದ್ದು ಎದ್ದು ಕಚ್ಚಿತು. ಖಾದರಬಾಷಾನ ಕೈಗಳು ತಾವಾಗಿ ಬಿಟ್ಟುಹೋದವು, ಮೊಳಕಾಲು ಮಡಚಿತು. ಅವನು ಬಿದ್ದಾಗ ಮೇಲೆ ಆಕಾಶ ಕಂಡಿತು, ಅದರ ಕೆಳಗೆ ಶಾಬುದ್ದೀನನ ಮುಖ ಕಂಡಿತು. ಆ ಮುಖ ತನ್ನ ಕಣ್ಣನ್ನು ತಪ್ಪಿಸಿದ್ದನ್ನು ಅವನು ಸಾಯುವವರೆಗೆ ಮರೆಯುವವನಲ್ಲ.

"ಮಾರಿಕೊಂಡಾನಲೇ ಕುಸ್ತಿನ!" ಅಂತ ಯಾವನೋ ಕೂಗಿದ. ಮತ್ತೆ ಹೇಳಬೇಕೆ, ಮಂದಿಗೆ ಕೂಗು ಒಂದು ಸಿಕ್ಕರೆ ಸಾಕು. ಏನೂ ಪಟ್ಟು ಬೀಳದೆ ಅಂಥ ಆಳು ನಿಂತಲ್ಲೇ ಕುಸಿದನೆಂದರೆ ಬೇರೆ ಅರ್ಥ ಏನು? ಓಣಿಗೆ ಬರುವಷ್ಟರಲ್ಲಿ ಮಾತು ಅವನಿಗಿಂತ ಮೊದಲೇ ಬಂದು ಕಟ್ಟೆಯ ಮೇಲೆ ಕೂತಿತ್ತು. ಮರುದಿನ ಗುಲಾಬಸಾಬ ಗೂಟದಿಂದ ಅವನ ಲಂಗೋಟಿ ತೆಗೆದು, ಮಡಚಿ, ಮನೆಗೆ ಕಳಿಸಿಕೊಟ್ಟ. 

ಖಾದರಬಾಷಾ ಬಾಯಿ ಬಿಡಬಹುದಿತ್ತು. ಬಿಟ್ಟು ಏನನ್ನಬೇಕು? ಕೆನ್ನೆಗೆ ಬೆರಳು ತಾಗಿತು, ಅದಕ್ಕೇ ಬಿದ್ದೆ ಅನ್ನಬೇಕೆ? ಕಳ್ಳ ಅನ್ನಿಸಿಕೊಂಡವನು ಅದರ ಮೇಲೆ ಹೆಣ್ಣಿಗನೂ ಅನ್ನಿಸಿಕೊಳ್ಳುತ್ತಿದ್ದ. ಶಾಬುದ್ದೀನ ಇದನ್ನೂ ಲೆಕ್ಕ ಹಾಕಿಯೇ ಬೆರಳಿಟ್ಟಿದ್ದ. ಅದಕ್ಕೇ ಹೊಟ್ಟೆಗೆ ಬೆಂಕಿ ಬಿದ್ದದ್ದು. ಸೋತದ್ದಕ್ಕಲ್ಲ. ಎಣ್ಣೆ ಹಚ್ಚಿದ ಅದೇ ಬೆರಳು!

ಅಂದಿನಿಂದ ಅವನಿಗೆ ಎರಡು ನೋವು. ಕೆನ್ನೆಯದು ಬಂದು ಹೋಗುವಂಥದ್ದು, ಇದು ಹೋಗದೇ ಇರುವಂಥದ್ದು. ಭಟ್ಟಿಯ ಅಡೆಗಲ್ಲಿನ ಮೇಲೆ ಸುತ್ತಿಗೆ ಇಳಿಸುವಾಗ ಪ್ರತಿ ಏಟಿಗೂ ಶಾಬುದ್ದೀನನ ಕೈಬೆರಳು ಕಾಣುತ್ತಿತ್ತು. ಅವನನ್ನು ಅದೇ ಕಣದಲ್ಲಿ, ಅದೇ ಮಂದಿಯ ಮುಂದೆ ಮಣ್ಣು ಮುಕ್ಕಿಸಬೇಕು. ಗುಲಾಬಸಾಬ ತನ್ನ ಕೈಯಿಂದಲೇ ಲಂಗೋಟಿಯನ್ನು ಆ ಗೂಟಕ್ಕೆ ತೂಗಹಾಕಬೇಕು. ಇಷ್ಟು ಆಗದೆ ತಾನು ಸಾಯಬಾರದು. ಆದರೆ ಈ ಕೆನ್ನೆ ಇರುವತನಕ ಆಗುವಂತಿರಲಿಲ್ಲ. ಮತ್ತೆ ಕಣಕ್ಕಿಳಿದರೆ ಅವನು ಮತ್ತೆ ಬೆರಳಿಡುತ್ತಾನೆ, ಇವನು ಮತ್ತೆ ಬೀಳುತ್ತಾನೆ. ಸ್ವಂತ ಮುಖವೇ ವೈರಿಯ ಕಡೆ ಸೇರಿಕೊಂಡಿತ್ತು.

ಮರುವರ್ಷ ಧಾರವಾಡದ ಯಜ್ಞೇಶ್ವರ ಡಾಕ್ಟರು ತಮ್ಮ ಟಾಂಗಾದ ಗಾಲಿ ಸಡಿಲಾಯಿತೆಂದು ಭಟ್ಟಿಯ ಮುಂದೆ ಇಳಿದರು. ಸಿಡುಕಿನ ಮುದುಕರು, ಆದರೆ ಕಣ್ಣು ಚುರುಕು. ಖಾದರಬಾಷಾ ಗಾಲಿ ಬಿಚ್ಚುತ್ತಿದ್ದಾಗ ಗಾಳಿ ಬೀಸಿತು. ಅವನು ಸುತ್ತಿಗೆ ಕೆಳಗಿಟ್ಟು, ಕೈಯನ್ನು ಕೆನ್ನೆಯವರೆಗೆ ತಂದು, ಮುಟ್ಟದೆ ಹಾಗೇ ಗಾಳಿಯಲ್ಲಿ ಹಿಡಿದು ನಿಂತ. ಡಾಕ್ಟರು ಹತ್ತಿರ ಬಂದರು.

"ಹಲ್ಲು ಬ್ಯಾನಿ ಇದ್ದವ ಗಲ್ಲಾ ಒತ್ತಿ ಹಿಡಕೋತಾನ. ನೀ ಮುಟ್ಟಲಿಕ್ಕೇ ಅಂಜತೀದಿ. ಎಷ್ಟು ದಿವಸ ಆತು ಇದು?"

"ವರ್ಷಗಟ್ಲೆ ಆತ್ರಿ."

"ಹಲ್ಲು ಕೀಳಿಸಿರಬೇಕಲ್ಲ?"

ಖಾದರಬಾಷಾ ಬಾಯಿ ತೆರೆದು ತೋರಿಸಿದ. ಡಾಕ್ಟರು ಹಲ್ಲು ಕಿತ್ತವನ ವಂಶವನ್ನೇ ಬೈದರು. ಆಮೇಲೆ ಅಲ್ಲೇ ಗಾಲಿಯ ಮೇಲೆ ಕೂತು ತಿಳಿಸಿ ಹೇಳಿದರು. ಇದು ಹಲ್ಲಿನದಲ್ಲ, ನರದ್ದು. ತಲೆಬುರುಡೆಯ ತಳದಿಂದ ಒಂದು ನರ ಮೂರು ಟೊಂಗೆಯಾಗಿ ಕೆನ್ನೆ, ಕಣ್ಣು, ದವಡೆಗೆ ಬರುತ್ತದೆ. ಮುಟ್ಟಿದ್ದು, ಬಿಸಿ ತಂಪು, ಎಲ್ಲಾ ಸುದ್ದಿ ಮಿದುಳಿಗೆ ಒಯ್ಯುವುದು ಅದೇ. ನಿನ್ನದಕ್ಕೆ ಹುಚ್ಚು ಹಿಡಿದಿದೆ. ಗಾಳಿ ಬಂದರೂ ಬೆಂಕಿ ಅಂತ ಕೂಗುತ್ತದೆ. ಮಿರಜಿನ ದೊಡ್ಡ ದವಾಖಾನೆಗೆ ಪರದೇಶದಲ್ಲಿ ಕಲಿತ ಒಬ್ಬ ಸರ್ಜನ್ ಬಂದಿದ್ದಾನೆ, ಕಿವಿಯ ಮುಂದೆ ತಲೆಬುರುಡೆ ತೂತು ಮಾಡಿ ಆ ನರದ ಬೇರು ಕತ್ತರಿಸುತ್ತಾನೆ.

"ನೋವು ಹೋಗ್ತದ. ಆದರ ಅದರ ಜೋಡಿ ಆ ಕಡೆ ಖಬರೇ ಹೋಗ್ತದ ನೋಡು. ಯಾರರ ಮುದ್ದು ಕೊಟ್ಟರೂ ಗೊತ್ತಾಗೂದಿಲ್ಲ, ಕಪಾಳಕ್ಕ ಹೊಡದರೂ ಗೊತ್ತಾಗೂದಿಲ್ಲ. ಸಾಯೂತನಕ ಹಂಗ. ವಿಚಾರ ಮಾಡು."

"ಬೆರಳು ಇಟ್ಟು ಒತ್ತಿದರನೂ ಗೊತ್ತಾಗೂದಿಲ್ಲೇನ್ರಿ?"

"ಸೂಜಿ ಚುಚ್ಚಿದರೂ ಗೊತ್ತಾಗೂದಿಲ್ಲ."

ಪಾಪ, ಅಂಜಿದ್ದಾನೆ ಅಂದುಕೊಂಡರು ಡಾಕ್ಟರು. ಖಾದರಬಾಷಾ ಅಂಜಿರಲಿಲ್ಲ. ಬೆರಳಿಡಲು ಬಂದ ಶಾಬುದ್ದೀನನ ಕೈ ಮೇಲೆದ್ದಾಗ ಅವನ ಬಗಲು ಎಷ್ಟು ತೆರೆದುಕೊಳ್ಳುತ್ತದೆ ಅಂತ ಅಳೆಯುತ್ತಿದ್ದ. ಬಹಳ ದಿನಗಳ ಮೇಲೆ ಅಂದು ಅವನು ಹೊಟ್ಟೆ ತುಂಬ ಉಂಡ, ನೋಯುತ್ತಿದ್ದರೂ ಉಂಡ.

ಡಾಕ್ಟರು ಮಾತು ಹಾಕಿ ಬಡವರ ವಾರ್ಡಿನಲ್ಲಿ ಜಾಗ ಮಾಡಿಸಿದರು. ಹಾಜರಾಬಿ ಬುತ್ತಿ ಕಟ್ಟಿಕೊಂಡು ಜೊತೆಗೆ ಹೊರಟಳು. ರೈಲಿನ ಕಿಟಕಿಯ ಗಾಳಿ ತಾಗದಿರಲೆಂದು ದಾರಿಯುದ್ದಕ್ಕೂ ಅವನ ಮುಖಕ್ಕೆ ಕಂಬಳಿ ಮರೆ ಹಿಡಿದು ಕೂತಳು.

ಆಪರೇಶನ್ ಮಾಡಿದ್ದು ಅವನನ್ನು ಕುರ್ಚಿಯಲ್ಲಿ ಕೂರಿಸಿ, ಎಚ್ಚರ ಇರುವಾಗಲೇ. ಚರ್ಮ ಮರಗಟ್ಟಲಿಕ್ಕೆ ಸೂಜಿ ಚುಚ್ಚಿದ್ದರು, ಅಷ್ಟೇ. ಬುರುಡೆಯ ಎಲುಬು ಕೊರೆಯುವ ಸದ್ದು ಅವನ ತಲೆಯೊಳಗಿಂದಲೇ ಕೇಳುತ್ತಿತ್ತು, ತಾನೇ ಎಷ್ಟೋ ಸಲ ಗಾಲಿಯ ನಡುವಿನ ಗುಂಬಕ್ಕೆ ತೂತು ಕೊರೆದಾಗ ಕೇಳಿದ ಸದ್ದು ಅದು. ಒಳಗೆ ಎಲ್ಲೋ ಬೇರಿಗೆ ಕೊಕ್ಕೆ ತಾಗಿದಾಗ ಈವರೆಗಿನ ನೋವೆಲ್ಲ ಒಟ್ಟುಗೂಡಿ ಒಂದೇ ಸಲ ಬಂತು. ಅವನು ಕೂಗಿದ್ದು ಅಲ್ಲಾಹನ ಹೆಸರಲ್ಲ, ಶಾಬುದ್ದೀನನ ಹೆಸರು. ಹಿಂದೆಯೇ ಏನೂ ಇಲ್ಲ. ದೀಪ ಊದಿದ ಹಾಗೆ ಏನೂ ಇಲ್ಲ. ದವಡೆ ನಡೆಸುವ ಎಳೆಯನ್ನು ಉಳಿಸಿದ್ದೇವೋ ನೋಡೋಣ ಅಂತ ಸರ್ಜನ್ ಹಲ್ಲು ಕಚ್ಚಲು ಹೇಳಿಸಿದ. ಖಾದರಬಾಷಾ ಉಳಿದಿದ್ದ ಹಲ್ಲುಗಳನ್ನೆಲ್ಲ ಕಟಕಟ ಕಡಿದು ತೋರಿಸಿದ. ಎಲ್ಲರೂ ನಕ್ಕರು, ಅವನು ನಗಲಿಲ್ಲ.

ಬಿಟ್ಟು ಕಳಿಸುವಾಗ ಎರಡು ಮಾತು ಕಟ್ಟುನಿಟ್ಟಾಗಿ ಹೇಳಿದರು. ಕಿವಿಯ ಮುಂದೆ ಎಲುಬಿಲ್ಲ, ಅಲ್ಲಿಗೆ ಪೆಟ್ಟು ಬೀಳಬಾರದು, ಕುಸ್ತಿಯ ಮಾತೇ ಬೇಡ. ಇನ್ನೊಂದು, ಬಲಗಣ್ಣಿಗೂ ಖಬರು ಹೋಗಿದೆ. ಕಸ ಬಿದ್ದರೆ ಚುಚ್ಚುವುದಿಲ್ಲ, ಹುಣ್ಣಾದರೆ ನೋಯುವುದಿಲ್ಲ. ತೊಟ್ಟಿಲ ಕೂಸಾದರೂ ಅತ್ತು ಕರೆಯುತ್ತದೆ, ಈ ಕಣ್ಣು ಅದನ್ನೂ ಮಾಡುವುದಿಲ್ಲ, ನೀವೇ ನೋಡಿಕೊಳ್ಳಬೇಕು. ಕಣ್ಣಿನ ಮರೆಗೆ ಒಂದು ಚಾಳೀಸು, ಅಂದರೆ ಕನ್ನಡಕ ಕೊಟ್ಟರು, ತೊಳೆಯಲು ಔಷಧದ ನೀರು ಕೊಟ್ಟರು. ದಿನಾ ಮುಂಜಾನೆ ಸಂಜೆ ಹಾಜರಾಬಿ ಅವನ ಗದ್ದ ಎತ್ತಿ ಹಿಡಿದು ರೆಪ್ಪೆ ಬಿಡಿಸಿ ನೋಡುವುದು ರೂಢಿಯಾಯಿತು. ನೋವಿಲ್ಲದೆ ರೊಟ್ಟಿ ಅಗಿಯುವ ಗಂಡನನ್ನು ನೋಡಿ ಅವಳಿಗೆ ಬದುಕು ಮರಳಿ ಸಿಕ್ಕಂತಾಗಿತ್ತು.

ಅವನಿಗೆ ಅಷ್ಟೇ ಸಾಲಲಿಲ್ಲ. ಊರಿನಲ್ಲಿ ಯಾರಿಗೂ ಆಪರೇಶನ್ ಎಂಥದ್ದೆಂದು ಹೇಳಲಿಲ್ಲ. ಕಣ್ಣಿನದು ಅಂದ. ಮನೆಯ ಹಿತ್ತಲಲ್ಲಿ ಮಣ್ಣು ಅಗೆದು ಒಬ್ಬನೇ ಕಸರತ್ತು ತೆಗೆದ. ಮೂವತ್ತಾರರ ಉರುಸು ಹತ್ತಿರ ಬಂದಾಗ ಪೇಟೆಯ ನಡುವೆ ನಿಂತು ಶಾಬುದ್ದೀನನ ಹೆಸರು ಹಿಡಿದು ಸವಾಲು ಹಾಕಿದ. ಮಂದಿ ಬಾಯ್ತುಂಬ ನಕ್ಕರು, ಆದರೆ ನೋಡಲು ಬರುತ್ತೇವೆ ಅಂದರು.

ಹಾಜರಾಬಿ ಅತ್ತಳು, ಬೈದಳು. "ಡಾಕ್ಟರು ಏನಂದಿದ್ರು? ತಲಿಯಾಗ ಎಲುಬಿಲ್ಲ ನಿಮಗ! ನೋವು ಹೋತಲ್ಲ, ಇನ್ನ ಅವನ್ನ ಬಿಟ್ಟುಬಿಡ್ರಿ."

"ನೋವು ಹೋಗಲಿ ಅಂತ ಹೋಗಿದ್ದೆ ಅಂದ್ಕೊಂಡಿಯೇನು ನೀ?" ಅಂದ ಖಾದರಬಾಷಾ. "ಅವನ ಕೈ ಇಲ್ಲಿಗೆ ಬರಬೇಕು. ಅದಕ್ಕ ಕೊಯ್ಸಿಕೊಂಡೇನಿ."

 ಉರುಸಿನ ಮುಂಜಾನೆ ಕಣ್ಣು ತೊಳೆಯಲು ಬಂದವಳನ್ನು ಅವನು ದೂಡಿದ. ಚಾಳೀಸನ್ನು ಗೂಡಿನಲ್ಲಿಟ್ಟು ಹೊರಟ.

ಕಣದ ಸುತ್ತ ಮಂದಿ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಗುಲಾಬಸಾಬ ಕೋಲಿನ ಮೇಲೆ ಗದ್ದ ಊರಿ ಕೂತಿದ್ದ, ಇವನ ಕಡೆ ನೋಡಲಿಲ್ಲ. ಶಾಬುದ್ದೀನ ಇಳಿದು ಬಂದ. ಮೈ ತುಂಬಿತ್ತು, ಮುಖ ಮಾತ್ರ ಬಾಡಿತ್ತು. ಕೈ ಕೂಡಿಸುವಾಗ ಮೆಲ್ಲಗೆ, "ಭಾಯಿ," ಅಂದ. ಖಾದರಬಾಷಾ ಉತ್ತರವಾಗಿ ಒಂದು ಹಿಡಿ ಮಣ್ಣು ಅವನ ಎದೆಗೆ ಎರಚಿದ.

ತಲೆಗೆ ತಲೆ ಕೂಡಿತು. ಖಾದರಬಾಷಾ ಬೇಕೆಂದೇ ಬಲಗೆನ್ನೆಯನ್ನು ಮುಂದೆ ಕೊಟ್ಟ. ಬರಲಿ ಹೆಬ್ಬೆರಳು. ಬಂದ ಕೂಡಲೇ ತೆರೆದ ಬಗಲಿಗೆ ನುಗ್ಗಿ ಕಾಲು ಎಳೆಯುವುದು, ಮನಸ್ಸಿನೊಳಗೆ ಎಷ್ಟು ಸಲ ಎಳೆದಿದ್ದ! ಕಾದ. ಬೆರಳು ಬರಲಿಲ್ಲ. ಶಾಬುದ್ದೀನನ ಕೈ ಕುತ್ತಿಗೆಗೆ ಬಂತು, ತೋಳಿಗೆ ಬಂತು, ಸೊಂಟಕ್ಕೆ ಬಂತು. ಕೆನ್ನೆಯ ಹತ್ತಿರ ಬಂದರೆ ಹಿಂದಿನ ಹಾಗೆಯೇ ಹೊರಳಿ ಸುತ್ತು ಹಾಕಿ ಹೋಗುತ್ತಿತ್ತು.

ಖಾದರಬಾಷಾನಿಗೆ ತಲೆ ಕೆಟ್ಟಿತು. ಇದಕ್ಕೇನು ಬುರುಡೆ ಕೊರೆಸಿಕೊಂಡದ್ದು! "ಇಡಲೇ ಬೆರಳು," ಅಂತ ಹಲ್ಲು ಕಡಿದ. "ಇಲ್ಲೈತಿ ನೋಡು. ಇಡು, ಹರಾಮಖೋರ!"

"ಬ್ಯಾಡ ಭಾಯಿ," ಅಂದ ಶಾಬುದ್ದೀನ ಏದುಸಿರು ಬಿಡುತ್ತ. "ಒಮ್ಮೆ ಮಾಡಿ ಎರಡು ವರ್ಷ ನಿದ್ದಿ ಇಲ್ಲ ನನಗ. ನ್ಯಾಯದ ಕುಸ್ತಿ ಆಡೂಣು."

ನ್ಯಾಯ ಅಂತೆ! ಆ ಮಾತು ಉರಿಯುವ ಭಟ್ಟಿಗೆ ತಿದಿ ಒತ್ತಿತು. ತಪ್ಪು ಒಪ್ಪಿಕೊಂಡು ದೊಡ್ಡವನಾಗಿಬಿಡುತ್ತಾನೆಯೇ ಇವನು, ತನ್ನ ಸೇಡನ್ನೂ ಕಸಿದುಕೊಂಡು? ಖಾದರಬಾಷಾ ಗೂಳಿಯ ಹಾಗೆ ನುಗ್ಗಿದ. ಇಬ್ಬರೂ ಉರುಳಿದರು. ಶಾಬುದ್ದೀನ ಮೇಲೆ ಬಂದ. ಖಾದರಬಾಷಾ ಬೆನ್ನು ಕೊಡದೆ ಬಲಗೆನ್ನೆಯನ್ನೇ ಮಣ್ಣಿಗೆ ಊರಿ, ಅದರ ಮೇಲೆ ಇಡೀ ಭಾರ ಹೊತ್ತು, ಕೆನ್ನೆ ನೆಲಕ್ಕೆ ಉಜ್ಜುತ್ತಾ ತಿರುಗಿ ಬಿಡಿಸಿಕೊಂಡ. ಬೇರೆ ಯಾವನ ಮುಖಕ್ಕೂ ಆಗದ ಕೆಲಸ ಅದು. ಮಂದಿ ಹೋ ಅಂದಿತು. ನೋಡು, ನೋಡಿಕೋ ಅಂತ ಗೆದ್ದವನ ಹಾಗೆ ಎದ್ದು ನಿಂತ.

ಶಾಬುದ್ದೀನನೂ ಎದ್ದ, ಹತ್ತಿರ ಬಂದ. ಬಂದವನು ಇವನ ಮುಖ ನೋಡಿ ಥಟ್ಟನೆ ನಿಂತ. ಬಲಗಣ್ಣು ಅಗಲಕ್ಕೆ ತೆರೆದೇ ಇತ್ತು. ಅದರ ಮೇಲೆ ಕೆಂಪು ಮಣ್ಣು ಹರಳು ಸಮೇತ ಮೆತ್ತಿತ್ತು. ರೆಪ್ಪೆ ಬಡಿಯುತ್ತಿರಲಿಲ್ಲ. ಶಾಬುದ್ದೀನನ ಎರಡೂ ಕೈ ಕೆಳಗಿಳಿದವು.

"ಭಾಯಿ, ಕಣ್ಣಾಗ ಮಣ್ಣು ಹೊಕ್ಕೈತಿ. ತಡಿ, ಮದ್ಲ ತೊಳಕೋ. ನೀರು ತರ್ರೋ ಯಾರರ!"

ಅವನು ನೀರಿಗೆಂದು ಮಂದಿಯ ಕಡೆ ಕತ್ತು ತಿರುಗಿಸಿದ.

ಕಣ್ಣಿನಲ್ಲಿ ಏನೂ ಚುಚ್ಚುತ್ತಿರಲಿಲ್ಲ, ಮಸುಕಾದದ್ದನ್ನು ಬೆವರು ಅಂದುಕೊಂಡಿದ್ದ. ಖಾದರಬಾಷಾನಿಗೆ ಏನೂ ಗೊತ್ತಾಗಿರಲಿಲ್ಲ. ಬೆರಳು ಸಾಲದೆಂದು ಈಗ ನಾಲಿಗೆ ಇಡುತ್ತಿದ್ದಾನೆ, ಮೋಸಗಾರ! ಇದೇ ಸಮಯ. ತಗ್ಗಿ ನುಗ್ಗಿ ಕಾಲು ಎಳೆದ, ಎತ್ತಿದ, ಬಡಿದ. ಶಾಬುದ್ದೀನನ ಎರಡೂ ಭುಜ ನೆಲಕ್ಕೆ ಹತ್ತಿದವು. ಖಾದರಬಾಷಾ ಒಂದು ಹಿಡಿ ಮಣ್ಣು ಎತ್ತಿ ಅವನ ಬಾಯಿಗೇ ತುರುಕಿದ. ಹಲಗೆಯ ಸದ್ದಿಗೆ ಉಳಿದದ್ದೇನೂ ಕೇಳಿಸಲಿಲ್ಲ.

ಆಹಾ, ಆ ದಿನ! ಗುಲಾಬಸಾಬ ಕೋಲು ಬಿಸಾಕಿ ಬಂದು ತನ್ನ ತಲೆಯ ರುಮಾಲು ಬಿಚ್ಚಿ ಅವನ ತಲೆಗೆ ಸುತ್ತಿದ. ಮಾರಿಕೊಂಡ ಅಂದಿದ್ದ ಬಾಯಿಗಳೇ ಜಯಕಾರ ಹಾಕಿದವು. ಹೆಗಲ ಮೇಲೆ ಹೊತ್ತು ಓಣಿ ಓಣಿ ತಿರುಗಿಸಿದರು. ಪ್ರತಿ ಕಟ್ಟೆಯ ಮುಂದೆ ನಿಲ್ಲಿಸಿ ಶರಬತ್ತು ಕುಡಿಸಿದರು. ರಿವಾಜಿನ ಪ್ರಕಾರ ಮಣ್ಣು ತೊಳೆಯುವಂತಿಲ್ಲ. ಇವನಿಗೋ ಒಂದು ಚೂರನ್ನೂ ಉದುರಿಸಲು ಮನಸ್ಸಿಲ್ಲ. ಮಧ್ಯಾಹ್ನದಿಂದ ಸಂಜೆಯವರೆಗೆ ಮೆರವಣಿಗೆ ನಡೆಯಿತು. ತಾಲೀಮಿನ ಕಣದಲ್ಲಿ ನಿಂತು ಎದೆಯ ಮಣ್ಣು, ತೋಳಿನ ಮಣ್ಣು, ಮುಖದ ಮಣ್ಣು ಕೈಯಿಂದ ಉಜ್ಜಿ ಉಜ್ಜಿ ಉದುರಿಸಿದ. ಕಣ್ಣಿನ ಮೇಲೂ ಹಾಗೆಯೇ ಗಸಗಸ ಉಜ್ಜಿದ. ಗುಲಾಬಸಾಬ ತನ್ನ ಕೈಯಿಂದ ಲಂಗೋಟಿಯನ್ನು ಹಳೆಯ ಗೂಟಕ್ಕೆ ಹಾಕಿದ. ಬೇಕೆಂದದ್ದೆಲ್ಲ ಆಯಿತು, ಒಂದೂ ಕಡಿಮೆ ಆಗಲಿಲ್ಲ.

ಮನೆಗೆ ಬಂದಾಗ ಹಾಜರಾಬಿ ದೀಪ ಹಿಡಿದು ಮುಖ ನೋಡಿದಳು. "ಕಣ್ಣು ರಕ್ತ ಕಾರಿಧಂಗ ಕೆಂಪಾಗೇತ್ರಿ. ಮಣ್ಣೇನರ ಹೊಕ್ಕೈತೇನು?"

ಮಣ್ಣು ಅನ್ನುವ ಮಾತು ಕೇಳಿದ್ದೇ ಅವನು ಸಿಡಿದ. "ನೀನೂ ಅವನ ಮಾತೇ ಆಡತೀಯೇನು? ಏನೂ ಆಗಿಲ್ಲ. ನೋವಿಲ್ಲ, ಬ್ಯಾನಿಲ್ಲ. ದೂರ ಸರಿ."

ಮಣ್ಣು ಬಿದ್ದದ್ದು ಖರೆ ಅಂದರೆ ಶಾಬುದ್ದೀನ ಹೇಳಿದ್ದು ಖರೆ ಆಗುತ್ತಿತ್ತು. ಅದು ಖರೆ ಆದರೆ ತಾನು ಕೆಡವಿದ್ದು ಯಾರನ್ನು? ಅದಕ್ಕೇ ಅವನು ಕಣ್ಣನ್ನು ಅವಳ ಕೈಗೆ ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ, ಅದರ ಮರುದಿನವೂ ಕೊಡಲಿಲ್ಲ. ಕಣ್ಣು ಕೀವು ಸುರಿಸಿತು. ಒರೆಸಿಕೊಂಡು ಭಟ್ಟಿಗೆ ಹೋದ. ಮುಂದೆ ಎದುರಿಗಿನ ಗಾಲಿ ಮಂಜಿನೊಳಗೆ ನಿಂತಂತೆ ಕಾಣತೊಡಗಿತು. ಹೊಗೆ ಅಂದುಕೊಂಡ. ಹಳಿ ಕೂರಿಸಲು ಹೋಗಿ ಗಾಲಿಗೆ ಗೇಣು ಆಚೆ ಇಟ್ಟಾಗ ಸುಳ್ಳು ಹೇಳಿಕೊಳ್ಳಲು ಏನೂ ಉಳಿಯಲಿಲ್ಲ. ಹಾಜರಾಬಿ ಕೈ ಹಿಡಿದು ಧಾರವಾಡಕ್ಕೆ ಕರೆದುಕೊಂಡು ಹೋದಳು.

ಯಜ್ಞೇಶ್ವರ ಡಾಕ್ಟರು ಕಿಟಕಿಯ ಬೆಳಕಿಗೆ ಅವನ ಮುಖ ಹಿಡಿದು, ರೆಪ್ಪೆ ಎತ್ತಿ, ಬಹಳ ಹೊತ್ತು ನೋಡಿದರು. ಕಣ್ಣಿನ ಕರಿಗುಡ್ಡೆಯ ಮೇಲೆ ಸುಣ್ಣ ಬಳಿದಂತೆ ಬಿಳಿ ಹುಣ್ಣು, ನಡುವೆ ಇನ್ನೂ ಒಂದು ಕೆಂಪು ಹರಳು. ಅದನ್ನು ಚಿಮುಟಿಯಿಂದ ತೆಗೆದರು. ಖಾದರಬಾಷಾ ಅಲುಗಲಿಲ್ಲ.

"ಹೋತು ಇದು," ಅಂದರು. ಆಮೇಲೆ ಸಿಟ್ಟು ಬಂತು ಅವರಿಗೆ. "ಕುಸ್ತಿ ಬ್ಯಾಡ ಅಂದಿದ್ದರು, ಆಡಿದಿ. ಆಡಿದ್ಯಪಾ, ಆ ಕ್ಷಣಕ್ಕ ತೊಳಕೊಂಡಿದ್ದರ ಕಣ್ಣು ಉಳೀತಿತ್ತಲ್ಲೋ! ನಿನಗ ಗೊತ್ತಾಗೂದಿಲ್ಲ, ಖರೇ. ಅಷ್ಟು ಮಂದಿ ಮುಂದ ನಿಂತಿದ್ದಿಯಲ್ಲ, ಕಣ್ಣಾಗ ಮಣ್ಣು ಅದ ಅಂತ ಒಬ್ಬನರ ಹೇಳಲಿಲ್ಲೇನು ನಿನಗ?"

ಖಾದರಬಾಷಾ ಉಳಿದ ಕಣ್ಣಿನಿಂದ ಕಿಟಕಿಯ ಹೊರಗೆ ನೋಡಿದ. ಟಾಂಗಾ ನಿಂತಿತ್ತು, ತಾನೇ ಹಳಿ ಕಟ್ಟಿದ ಗಾಲಿ.

"ಒಬ್ಬವ ಹೇಳಿದ್ದ್ರಿ," ಅಂದ. "ಅವ ನೀರು ಕೇಳಾಕ ಹೊಳ್ಳಿ ನೋಡಿದ. ಆಗ ಅವನ್ನ ಕೆಡವಿದೆ."

ಡಾಕ್ಟರು ಚಿಮುಟಿ ಕೆಳಗಿಟ್ಟರು. ಹತ್ತಿ ತೆಗೆದುಕೊಂಡು ಅವನ ಬಲಗೆನ್ನೆ ಒರೆಸಿದರು, ಒರೆಸಿದಷ್ಟೂ ಕಣ್ಣೀರು ಇಳಿದು ಮತ್ತೆ ಒದ್ದೆಯಾಗುತ್ತಿತ್ತು. ಯಾಕೆ ಒರೆಸುತ್ತಿದ್ದಾರೆಂದು ಖಾದರಬಾಷಾನಿಗೆ ಗೊತ್ತಾಗಲಿಲ್ಲ.